ಇಪ್ಪತ್ನಾಲ್ಕು ಕಂಪ್ಯೂಟರಿಗೆ ಒಂದೇ ಚೀಟಿ

"ಸರ್, ಇದರಲ್ಲಿ ಒತ್ತಕ್ಷರ ಬರ್ತಿಲ್ಲ."

ಹದಿನೇಳನೇ ಸಿಸ್ಟಮ್ ಮುಂದೆ ಕೂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಕೈಯೆತ್ತಿದ್ದಳು. ಹೋಗಿ ನೋಡಿದೆ. 'ಅಕ್ಕ' ಎಂದು ಬರೆಯಲು, ತಾನು ಕಲಿತ ಹಾಗೆ ಎ, ಕೆ, ಎಫ್, ಕೆ ಎಂದು ಒತ್ತುತ್ತಿದ್ದಳು. ಪರದೆಯ ಮೇಲೆ ಮೊದಲು ಒಂದು ಒಂಟಿ ಓತ್ವ, ಅದರ ಹಿಂದೆ 'ಕಿಕ'. ಎಫ್ ಒತ್ತಿದಾಗ ಒತ್ತಕ್ಷರ ಕೂಡುವ ಬದಲು ಗುಡಿಸು ಬಂದು ಕೂರುತ್ತಿತ್ತು. ಪಕ್ಕದ ಹದಿನಾರರಲ್ಲಿ ಎಲ್ಲ ಸರಿಯಾಗಿತ್ತು. ಹದಿನೆಂಟರಲ್ಲಿ ಕನ್ನಡ ಕೀಲಿಮಣೆಯೇ ಇರಲಿಲ್ಲ.

ಕಾರಣ ನನಗೆ ತಕ್ಷಣ ಹೊಳೆಯಿತು. ಹಿಂದಿನ ಶನಿವಾರ ರಾತ್ರಿ ಎಲ್ಲ ಸಿಸ್ಟಮ್‌ಗಳಿಗೂ ಹೊಸದಾಗಿ ಓಎಸ್ ಹಾಕುತ್ತ ಕೂತಿದ್ದೆ. ಹದಿನೇಳರ ಸರದಿ ಬರುವ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು, ಅಂದರೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯಿಂದ ನಮ್ಮ ಮಕ್ಕಳ ಬೆರಳಿಗೆ ರೂಢಿಯಾಗಿರುವ ಕೆಜಿಪಿ ಕೀಲಿಮಣೆಯನ್ನು, ಆರಿಸುವ ಬದಲು ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಇದ್ದ ಇನ್‌ಸ್ಕ್ರಿಪ್ಟ್ ಮೇಲೆ ಕ್ಲಿಕ್ ಮಾಡಿದ್ದೆ. ಹದಿನೆಂಟಕ್ಕೆ ಅದನ್ನೂ ಮಾಡದೆ ಮನೆಗೆ ಹೋಗಿದ್ದೆ.

ಯಶವಂತಪುರದ ಆರ್‌ಎಂಸಿ ಯಾರ್ಡಿನ ಆಸುಪಾಸಿನ ಮಕ್ಕಳಿಗಾಗಿ ಸಂಜೆ ನಡೆಯುವ ಸಣ್ಣ ಕಂಪ್ಯೂಟರ್ ಲ್ಯಾಬ್ ನಮ್ಮದು. ಹಮಾಲಿಗಳ, ಲಾರಿ ಚಾಲಕರ, ಹೂವು ಮಾರುವವರ ಮಕ್ಕಳು ಬರುತ್ತಾರೆ. ಕೈಯಿಂದ ಓಎಸ್ ಹಾಕುವಾಗ ಏನೋ ಒಂದು ಮರೆತೇ ಮರೆಯುತ್ತದೆ, ಅದರಲ್ಲೂ ಮೊದಲು ಮರೆಯುವುದು ಕನ್ನಡ ಎಂಬುದು ಹಲವು ವರ್ಷಗಳಲ್ಲಿ ನಾನು ಕಂಡುಕೊಂಡ ಸತ್ಯ. ಇಂಗ್ಲಿಷ್ ಕೀಲಿಮಣೆ ತಾನಾಗಿಯೇ ಬಂದು ಕೂತಿರುತ್ತದೆ. ಕನ್ನಡದ್ದನ್ನು ಯಾರಾದರೂ ನೆನಪಿಟ್ಟುಕೊಂಡು, ಪ್ರತಿ ಸಿಸ್ಟಮ್‌ನಲ್ಲೂ ನಾಲ್ಕೈದು ಕಡೆ ಕ್ಲಿಕ್ ಮಾಡಿ ತರಬೇಕು. ಆ ನೆನಪನ್ನು ದಣಿದ ತಲೆಯಿಂದ ತೆಗೆದು ಒಂದು ಫೈಲಿನೊಳಗೆ ಬರೆದಿಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಶಾಲೆ, ಗ್ರಂಥಾಲಯ, ಸೈಬರ್ ಅಂಗಡಿ, ಟ್ಯಾಲಿ ಕ್ಲಾಸು, ಪಂಚಾಯಿತಿ ಕಚೇರಿ, ಹೀಗೆ ನಾಲ್ಕಕ್ಕಿಂತ ಹೆಚ್ಚು ಕಂಪ್ಯೂಟರ್ ನೋಡಿಕೊಳ್ಳುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ.

ಈಗ ಇದರ ಅಗತ್ಯ ಹೆಚ್ಚಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮದೆಲ್ಲ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ನಾಲ್ಕನೇ ತಲೆಮಾರಿನ ಐ3 ಯಂತ್ರಗಳು. ಒಂದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಸ್ವಲ್ಪ ಏರಿಸಿದರೆ ಉಬುಂಟು ಅವುಗಳಲ್ಲಿ ಚೆನ್ನಾಗಿಯೇ ಓಡುತ್ತದೆ. ಬಿಸಾಡುವ ಮಾತೇ ಇಲ್ಲ. ಆದರೆ ಅಷ್ಟಕ್ಕೂ ಓಎಸ್ ಹಾಕಬೇಕಲ್ಲ! ಒಂದಕ್ಕೆ ಮುಕ್ಕಾಲು ಗಂಟೆ ಎಂದರೂ ಇಪ್ಪತ್ನಾಲ್ಕಕ್ಕೆ ಹದಿನೆಂಟು ಗಂಟೆ.

ಚೀಟಿ ಎಂದರೇನು

ಮದುವೆ ಅಡುಗೆಯವರು ಸಾಮಾನಿನ ಚೀಟಿ ಬರೆದುಕೊಡುವುದನ್ನು ನೋಡಿರುತ್ತೀರಿ. ಅಕ್ಕಿ ಇಷ್ಟು ಮೂಟೆ, ತೊಗರಿಬೇಳೆ ಇಷ್ಟು ಕೆ.ಜಿ., ಬ್ಯಾಡಗಿ ಮೆಣಸಿನಕಾಯಿ ಇಷ್ಟು. ಚೀಟಿ ಹಿಡಿದು ನಮ್ಮ ಯಾರ್ಡಿಗೆ ಮಾವನೇ ಬರಲಿ, ಭಾವಮೈದುನನೇ ಬರಲಿ, ಮನೆ ತಲುಪುವ ಸಾಮಾನು ಒಂದೇ. ಅಡುಗೆಯವರು ಅಂಗಡಿಗೆ ಬರಬೇಕಾಗಿಲ್ಲ.

ಓಎಸ್ ಹಾಕುವ ತಂತ್ರಾಂಶ, ಅಂದರೆ ಇನ್‌ಸ್ಟಾಲರ್, ನಮ್ಮನ್ನು ಕೇಳುವುದು ಹತ್ತು-ಹನ್ನೆರಡು ಪ್ರಶ್ನೆ. ಯಾವ ಭಾಷೆ, ಯಾವ ಕೀಲಿಮಣೆ, ಯಾವ ಡಿಸ್ಕು, ಹೆಸರೇನು, ಪಾಸ್‌ವರ್ಡ್ ಏನು, ಯಾವ ಊರಿನ ಗಡಿಯಾರ. ಇವಕ್ಕೆಲ್ಲ ಮೊದಲೇ ಉತ್ತರ ಬರೆದು ಒಂದು ಫೈಲಿನಲ್ಲಿಟ್ಟರೆ ಇನ್‌ಸ್ಟಾಲರ್ ನಮ್ಮನ್ನು ಕೇಳದೆ ಅದನ್ನೇ ಓದಿಕೊಂಡು ಮುಂದೆ ಹೋಗುತ್ತದೆ. ಇಷ್ಟೇ ವಿದ್ಯೆ. ಫೈಲಿನ ಕೊನೆಗೆ 'ಎಲ್ಲ ಮುಗಿದ ಮೇಲೆ ಇವನ್ನೂ ಮಾಡು' ಎಂದು ಕೆಲವು ಕಮಾಂಡ್ ಸೇರಿಸಬಹುದು. ಸ್ಕ್ರಿಪ್ಟ್ ಎನ್ನುವುದು ಅದನ್ನೇ. ಆರ್‌ಎಂಸಿ ಯಾರ್ಡಿನ ಪಕ್ಕದಲ್ಲಿರುವ ನಾವು ಇದನ್ನು ಚೀಟಿ ಎಂದೇ ಕರೆಯುತ್ತೇವೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಇದು ಹೊಸದೇನಲ್ಲ. ಸನ್ ಕಂಪನಿಯ ಸೋಲಾರಿಸ್‌ಗೆ 'ಜಂಪ್‌ಸ್ಟಾರ್ಟ್' ಇತ್ತು, ರೆಡ್ ಹ್ಯಾಟ್ 'ಕಿಕ್‌ಸ್ಟಾರ್ಟ್' ತಂದಿತು, ಡೆಬಿಯನ್‌ಗೆ 'ಪ್ರೀಸೀಡ್' ಬಂತು. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಶುರುಮಾಡಿದ 'ಎಫ್‌ಎಐ' ಇಂದಿಗೂ ಬಳಕೆಯಲ್ಲಿದೆ. ಉಬುಂಟು 20.04ರ ಸರ್ವರ್ ಆವೃತ್ತಿಯಿಂದ 'ಆಟೋಇನ್‌ಸ್ಟಾಲ್' ಎಂಬ ಹೊಸ ರೂಪ ತಂದಿತು, 24.04ರ ಹೊತ್ತಿಗೆ ಅದು ಡೆಸ್ಕ್‌ಟಾಪ್‌ಗೂ ಬಂತು.

ನಮ್ಮ ಲ್ಯಾಬಿನಿಂದ ಕೂಗಳತೆ ಎನ್ನುವಷ್ಟು ಹತ್ತಿರ, ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ನಡುವೆ, 'ಪರಮ್ ಪ್ರವೇಗ' ಇದೆ. ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಸೂಪರ್‌ಕಂಪ್ಯೂಟರ್. ಸೂಪರ್‌ಕಂಪ್ಯೂಟರ್ ಎಂದರೆ ಒಂದೇ ದೈತ್ಯ ಡಬ್ಬವಲ್ಲ, ನೂರಾರು ಕಂಪ್ಯೂಟರುಗಳ ಗುಂಪು. ಇಂಥ ಗುಂಪಿನಲ್ಲಿ ಒಂದೊಂದರ ಮುಂದೆಯೂ ಪೆನ್‌ಡ್ರೈವ್ ಹಿಡಿದು ಯಾರೂ ಕೂರುವುದಿಲ್ಲ, ಒಂದು ಮುಖ್ಯ ಸರ್ವರ್ ನೆಟ್‌ವರ್ಕ್ ಮೂಲಕ ಎಲ್ಲಕ್ಕೂ ಓಎಸ್ ಕಳಿಸುತ್ತದೆ. ಅದೇ ವಿದ್ಯೆ ಇಪ್ಪತ್ನಾಲ್ಕು ಹಳೆಯ ಐ3ಗಳಿಗೂ ಸಲ್ಲುತ್ತದೆ ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ಇನ್ನೊಂದು ಉದಾಹರಣೆ ಗಡಿಯಾಚೆಯ ಕಾಸರಗೋಡಿನ ಶಾಲೆಗಳದು. ಕೇರಳ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಶುರುಮಾಡಿತು. ಅದೇ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಅವರು ಉಬುಂಟುವನ್ನು ತಿದ್ದಿ, ಬೇಕಾದ ತಂತ್ರಾಂಶ ತುಂಬಿ, ಒಂದೇ ಓಎಸ್ ಮಾಡಿ ಹಂಚುತ್ತಾರೆ. ಮೇಷ್ಟ್ರು ರಾತ್ರಿಯೆಲ್ಲ ಕೂತು ಒಂದೊಂದು ತಂತ್ರಾಂಶ ಸೇರಿಸಬೇಕಾಗಿಲ್ಲ, ಹಾಕಿದ ಕೂಡಲೇ ಪಾಠಕ್ಕೆ ಬೇಕಾದ್ದೆಲ್ಲ ಇರುತ್ತದೆ. ಗಡಿಯ ಆಚೆ ಸಾಧ್ಯವಾದದ್ದು ಈಚೆಯ ಸಣ್ಣ ಲ್ಯಾಬುಗಳಲ್ಲೂ ಸಾಧ್ಯ. ನಮಗೆ ಬೇಕಾದದ್ದು ಅಷ್ಟು ದೊಡ್ಡ ಏರ್ಪಾಡೂ ಅಲ್ಲ, ಒಂದೂವರೆ ಪುಟದ ಚೀಟಿ.

ಮೊದಲ ಚೀಟಿಯನ್ನು ಕಂಪ್ಯೂಟರೇ ಬರೆದಿರುತ್ತದೆ

ಖಾಲಿ ಪುಟದ ಮುಂದೆ ಕೂರಬೇಡಿ. ಒಂದೇ ಒಂದು ಸಿಸ್ಟಮ್‌ಗೆ ಕೈಯಿಂದಲೇ, ಆತುರವಿಲ್ಲದೆ, ಬೆಳಗಿನ ಹೊತ್ತು ಕೂತು ಉಬುಂಟು 24.04 ಹಾಕಿ. ಮುಗಿದ ಮೇಲೆ ವಾರ್ ಫೋಲ್ಡರಿನ ಲಾಗ್, ಅದರೊಳಗಿನ ಇನ್‌ಸ್ಟಾಲರ್ ಫೋಲ್ಡರಿನಲ್ಲಿ 'ಆಟೋಇನ್‌ಸ್ಟಾಲ್-ಯೂಸರ್-ಡೇಟಾ' ಎಂಬ ಫೈಲ್ ಇರುತ್ತದೆ. ನೀವು ಕೊಟ್ಟ ಉತ್ತರಗಳನ್ನೆಲ್ಲ ಇನ್‌ಸ್ಟಾಲರ್ ಅಲ್ಲಿ ಬರೆದಿಟ್ಟಿರುತ್ತದೆ. ಫೆಡೋರಾ, ರೆಡ್ ಹ್ಯಾಟ್ ಬಳಸುವವರಿಗೆ ಇದೇ ರೀತಿ ರೂಟ್ ಫೋಲ್ಡರಿನಲ್ಲಿ 'ಅನಕೊಂಡ-ಕೆಎಸ್' ಎಂಬ ಫೈಲ್ ಸಿಗುತ್ತದೆ. ಅದನ್ನು ನಕಲು ಮಾಡಿಕೊಂಡು ತಿದ್ದುತ್ತ ಹೋಗುವುದು ಎಲ್ಲಕ್ಕಿಂತ ಸುಲಭದ ದಾರಿ.

ಇಲ್ಲಿ ನಾನು ಹೇಳುವ ಹೆಸರುಗಳನ್ನೆಲ್ಲ ಫೈಲಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯಬೇಕು. ಫೈಲ್ ಇರುವುದು ಯಾಮಲ್ ಎಂಬ ರೂಪದಲ್ಲಿ. ಅದರಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ, ಯಾವ ಮಾತು ಯಾವುದರ ಕೆಳಗೆ ಬರುತ್ತದೆ ಎಂಬುದನ್ನು ಆ ಜಾಗವೇ ಹೇಳುತ್ತದೆ. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ವಾಟ್ಸ್‌ಆಪ್‌ನಲ್ಲಿ ಬಂದ ಸಾಲುಗಳನ್ನು ನೇರ ಅಂಟಿಸಬೇಡಿ, ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬಂದಿದ್ದರೆ ಇನ್‌ಸ್ಟಾಲರಿಗೆ ಅರ್ಥವಾಗುವುದಿಲ್ಲ. ನನ್ನ ಮೊದಲ ಚೀಟಿ ಮೂರು ಸಲ ಸೋತದ್ದು ಒಂದು ಟ್ಯಾಬಿಗಾಗಿ.

ಚೀಟಿಯ ಆರಂಭದಲ್ಲಿ 'ಆಟೋಇನ್‌ಸ್ಟಾಲ್', ಅದರ ಕೆಳಗೆ 'ವರ್ಷನ್: 1'. ಅದಿಲ್ಲದಿದ್ದರೆ ಮುಂದಿನದನ್ನು ಓದುವುದೇ ಇಲ್ಲ. ಬಳಿಕ 'ಲೊಕೇಲ್', 'ಕೀಬೋರ್ಡ್', 'ಟೈಮ್‌ಝೋನ್' (ಏಷ್ಯಾ/ಕೋಲ್ಕತಾ ಎಂದು ಬರೆಯಿರಿ, ಇದರಲ್ಲಿ ಮಾತ್ರ ಎ ಮತ್ತು ಕೆ ದೊಡ್ಡಕ್ಷರ), ಬಳಕೆದಾರರ ಹೆಸರಿಗೆ 'ಐಡೆಂಟಿಟಿ'. ಪಾಸ್‌ವರ್ಡನ್ನು ಇದ್ದ ಹಾಗೆ ಬರೆಯಬಾರದು, ಬರೆದರೆ ನಡೆಯುವುದೂ ಇಲ್ಲ. ಓಪನ್‌ಎಸ್‌ಎಸ್‌ಎಲ್‌ನ ಪಾಸ್‌ವರ್ಡ್ ಕಮಾಂಡಿಗೆ 'ಹೈಫನ್ 6' ಸೇರಿಸಿ ಕೊಟ್ಟರೆ ಡಾಲರ್ ಚಿಹ್ನೆಯಿಂದ ಶುರುವಾಗುವ ಒಂದು ಉದ್ದದ ಗೂಢಾಕ್ಷರ ಸಾಲು ಬರುತ್ತದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಅಂಟಿಸಿ. ಹಾಗೆಂದು ಈ ಚೀಟಿಯನ್ನು ಊರಿಗೆಲ್ಲ ಹಂಚಬೇಡಿ, ಸುಲಭದ ಪಾಸ್‌ವರ್ಡ್ ಆಗಿದ್ದರೆ ಆ ಗೂಢಾಕ್ಷರದಿಂದಲೂ ಬಿಡಿಸಬಹುದು.

ಡಿಸ್ಕ್: ಇಲ್ಲಿ ನಿಲ್ಲಿ

ಈ ಭಾಗವನ್ನು ನಿಧಾನವಾಗಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಉಳಿದೆಲ್ಲ ತಪ್ಪಾದರೆ ಮತ್ತೆ ಹಾಕಬಹುದು. ಇಲ್ಲಿ ತಪ್ಪಾದರೆ ಹೋದದ್ದು ಹೋಯಿತು.

ನಮ್ಮ ಆರನೇ ಸಿಸ್ಟಮ್‌ನಲ್ಲಿ ಎರಡು ಡಿಸ್ಕ್ ಇದ್ದವು. ಓಎಸ್‌ಗೆಂದು ಹಾಕಿದ 240 ಜಿಬಿ ಎಸ್‌ಎಸ್‌ಡಿ ಒಂದು, ಮಕ್ಕಳ ಕೆಲಸ ಇಡಲು ಹಳೆಯ 500 ಜಿಬಿ ಹಾರ್ಡ್‌ಡಿಸ್ಕ್ ಇನ್ನೊಂದು. ಒಂದು ವರ್ಷ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು: ಅಜ್ಜಿ, ಅಮ್ಮ, ಪಕ್ಕದ ಮನೆಯವರು ಆಡುವ ಗಾದೆಗಳನ್ನು ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ತರುವುದು. ಕೊಪ್ಪಳದ ಗಾದೆ, ತುಮಕೂರಿನ ಗಾದೆ, ಕಲಬುರಗಿಯ ಗಾದೆ. ಯಾರ್ಡಿಗೆ ಎಲ್ಲ ಕಡೆಯ ಜನ ಬರುತ್ತಾರಲ್ಲ, ಎಲ್ಲ ಕಡೆಯ ಮಾತೂ ಆ ಡಿಸ್ಕಿನಲ್ಲಿ ಸೇರಿತ್ತು.

ನಾನು ಚೀಟಿಯ 'ಸ್ಟೋರೇಜ್' ಭಾಗದಲ್ಲಿ ಯಾವ ಡಿಸ್ಕ್ ಎಂದು ಬರೆದಿರಲಿಲ್ಲ. ಬರೆಯದಿದ್ದರೆ ಉಬುಂಟು ಇನ್‌ಸ್ಟಾಲರ್ ಇರುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಡಿಸ್ಕನ್ನು ಆರಿಸಿಕೊಳ್ಳುತ್ತದೆ. ಅದು ಕೈಪಿಡಿಯಲ್ಲೇ ಇದೆ, ನಾನು ಓದಿರಲಿಲ್ಲ. ನಾಲ್ಕು ನಿಮಿಷದಲ್ಲಿ 500 ಜಿಬಿ ಡಿಸ್ಕ್ ಒರೆಸಿಕೊಂಡು ಹೋಗಿ ಅದರ ಮೇಲೆ ಹೊಸ ಉಬುಂಟು ಕೂತಿತ್ತು. ಫೋಟೋರೆಕ್ ಎಂಬ ತಂತ್ರಾಂಶ ಓಡಿಸಿ ಎರಡು ದಿನ ಕೂತು ಹುಡುಕಿದೆ. ಕೆಲವು ಫೈಲ್ ಸಿಕ್ಕವು, ಆದರೆ ಹೆಸರಿಲ್ಲದೆ, ಬರೀ ಸಂಖ್ಯೆಗಳಾಗಿ. ಯಾವ ಗಾದೆ ಯಾರ ಅಜ್ಜಿಯದು ಎಂದು ತಿಳಿಯಲು ಮಕ್ಕಳನ್ನೇ ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಬೇಕಾಯಿತು. ಅರ್ಧಕ್ಕಿಂತ ಹೆಚ್ಚು ಬರಲೇ ಇಲ್ಲ.

ಆದ್ದರಿಂದ 'ಲೇಔಟ್' ಕೆಳಗೆ 'ಮ್ಯಾಚ್' ಎಂಬುದನ್ನು ಬರೆಯದೆ ಯಾವ ಚೀಟಿಯನ್ನೂ ಓಡಿಸಬೇಡಿ. 'ಎಸ್‌ಎಸ್‌ಡಿ: ಟ್ರೂ' ಎಂದರೆ ಎಸ್‌ಎಸ್‌ಡಿಯನ್ನು ಮಾತ್ರ ನೋಡುತ್ತದೆ. 'ಸೈಜ್: ಸ್ಮಾಲೆಸ್ಟ್' ಎಂದರೆ ಚಿಕ್ಕ ಡಿಸ್ಕ್. ಇನ್ನೂ ಖಚಿತ ಬೇಕೆಂದರೆ ಡಿಸ್ಕಿನ ಸೀರಿಯಲ್ ನಂಬರನ್ನೇ ಕೊಡಬಹುದು, ಆಗ ಪ್ರತಿ ಸಿಸ್ಟಮ್‌ಗೂ ಬೇರೆ ಚೀಟಿ ಬೇಕು. ನನ್ನ ಅನುಭವದ ಮಾತು ಕೇಳುವುದಾದರೆ, ಡೇಟಾ ಇರುವ ಡಿಸ್ಕಿನ ಕೇಬಲ್ ಬಿಚ್ಚಿಟ್ಟು ಓಎಸ್ ಹಾಕಿ, ಆಮೇಲೆ ಸಿಕ್ಕಿಸಿ. ಯಾವ ಸಾಲೂ ಆ ಬಿಚ್ಚಿದ ಕೇಬಲ್‌ನಷ್ಟು ಗಟ್ಟಿಯಲ್ಲ.

ಇನ್ನೊಂದು ಒಳ್ಳೆಯ ಏರ್ಪಾಡಿದೆ. 'ಇಂಟರ್‌ಆಕ್ಟಿವ್-ಸೆಕ್ಷನ್ಸ್' ಎಂದು ಬರೆದು ಅದರ ಕೆಳಗೆ 'ಸ್ಟೋರೇಜ್' ಎಂದು ಸೇರಿಸಿದರೆ, ಉಳಿದೆಲ್ಲ ತಾನಾಗಿ ನಡೆದು ಡಿಸ್ಕಿನ ಪ್ರಶ್ನೆಗೆ ಮಾತ್ರ ನಿಂತು ನಿಮ್ಮನ್ನು ಕೇಳುತ್ತದೆ. ಮೊದಲ ಸಲ ಮಾಡುವವರು ಹೀಗೇ ಮಾಡಿ. ಹಾಗೆಯೇ 'ಲೇಔಟ್' ಹೆಸರನ್ನು 'ಡೈರೆಕ್ಟ್' ಎಂದಿಡಿ. ಸರ್ವರ್ ಆವೃತ್ತಿಯಲ್ಲಿ ಏನೂ ಹೇಳದಿದ್ದರೆ ಎಲ್‌ವಿಎಂ ಎಂಬ ವ್ಯವಸ್ಥೆ ಬರುತ್ತದೆ. ಅದು ಡಿಸ್ಕಿನ ಒಂದು ಪಾಲನ್ನು ಮುಂದಿನ ಅಗತ್ಯಕ್ಕೆಂದು ಖಾಲಿ ಬಿಡುವುದರಿಂದ '240 ಜಿಬಿ ಹಾಕಿದ್ದೀನಿ, 100 ಜಿಬಿ ಮಾತ್ರ ತೋರಿಸ್ತಿದೆ' ಎಂದು ಆಮೇಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಕನ್ನಡವನ್ನು ಚೀಟಿಗೆ ಸೇರಿಸುವುದು

ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ ಇದು. 'ಪ್ಯಾಕೇಜಸ್' ಎಂಬ ತಲೆಬರಹದ ಕೆಳಗೆ ಬೇಕಾದ ತಂತ್ರಾಂಶಗಳ ಹೆಸರು ಬರೆಯುತ್ತೀರಿ. ಕನ್ನಡ ಕೀಲಿಮಣೆಗಳಿಗೆ 'ಐಬಸ್-ಎಂ17ಎನ್', ಭಾಷೆಗೆ 'ಲ್ಯಾಂಗ್ವೇಜ್-ಪ್ಯಾಕ್-ಕೆಎನ್', ಅಕ್ಷರಗಳಿಗೆ 'ಫಾಂಟ್ಸ್-ಗುಬ್ಬಿ', 'ಫಾಂಟ್ಸ್-ನವಿಲು'. ಗುಬ್ಬಿ, ನವಿಲು ಎಂಬ ಹೆಸರಿನ ಅಕ್ಷರಗಳು ಜಗತ್ತಿನ ಎಲ್ಲ ಡೆಬಿಯನ್, ಉಬುಂಟು ಬಳಕೆದಾರರಿಗೂ ಒಂದು ಕಮಾಂಡಿನ ದೂರದಲ್ಲಿವೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರ ಮುಖ ನೋಡಬೇಕು. ಚಿಕ್ಕವರಿಗೆ 'ಜಿಕಾಂಪ್ರಿ' ಆಟಗಳನ್ನೂ ಸೇರಿಸಿ.

ಪ್ಯಾಕೇಜ್ ಬಂದ ಮಾತ್ರಕ್ಕೆ ಕೀಲಿಮಣೆ ಮೇಲಿನ ಪಟ್ಟಿಯಲ್ಲಿ ಕಾಣಿಸುವುದಿಲ್ಲ, ಪ್ರತಿ ಬಳಕೆದಾರರೂ ಸೆಟ್ಟಿಂಗ್ಸ್‌ಗೆ ಹೋಗಿ ಆರಿಸಬೇಕು. ನನ್ನ ಹದಿನೇಳನೇ ಸಿಸ್ಟಮ್ ಕೆಟ್ಟದ್ದು ಇಲ್ಲೇ. ಇದನ್ನು ಎಲ್ಲರಿಗೂ ಮೊದಲೇ ಆರಿಸಿಡಲು 'ಡಿಕಾನ್ಫ್' ಎಂಬ ವ್ಯವಸ್ಥೆ ಇದೆ. ಇಟಿಸಿ ಫೋಲ್ಡರಿನೊಳಗಿನ ಡಿಕಾನ್ಫ್ ಫೋಲ್ಡರಿನಲ್ಲಿ ಎರಡು ಸಣ್ಣ ಫೈಲ್ ಬೇಕು. ಒಂದು 'ಪ್ರೊಫೈಲ್' ಕೆಳಗೆ 'ಯೂಸರ್' ಎಂಬ ಫೈಲ್: ಮೊದಲು ಬಳಕೆದಾರರ ಆಯ್ಕೆ ನೋಡು, ಅದಿಲ್ಲದಿದ್ದರೆ 'ಲೋಕಲ್' ಎಂಬ ಸಾಮಾನ್ಯ ಆಯ್ಕೆ ನೋಡು ಎಂದು ಅದರಲ್ಲಿ ಎರಡು ಸಾಲು. ಇನ್ನೊಂದು 'ಡಿಬಿ' ಒಳಗಿನ 'ಲೋಕಲ್.ಡಿ' ಫೋಲ್ಡರಿನಲ್ಲಿ: ಗ್ನೋಮ್‌ನ 'ಇನ್‌ಪುಟ್-ಸೋರ್ಸಸ್' ಪಟ್ಟಿಗೆ ಮೊದಲು ಇಂಗ್ಲಿಷ್, ಎರಡನೆಯದಾಗಿ 'ಎಂ17ಎನ್:ಕೆಎನ್:ಕೆಜಿಪಿ'. ಕೊನೆಗೆ 'ಡಿಕಾನ್ಫ್ ಅಪ್‌ಡೇಟ್' ಎಂಬ ಕಮಾಂಡ್. ಇಷ್ಟಾದರೆ ಯಾವ ಮಗು ಯಾವ ಸಿಸ್ಟಮ್‌ನಲ್ಲಿ ಮೊದಲ ಸಲ ಲಾಗಿನ್ ಆದರೂ ಸೂಪರ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ.

ಪರದೆಯ ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಬೇಕೇ ಎಂದು ಕೆಲವರು ಕೇಳುತ್ತಾರೆ. ನಾನು ಚೀಟಿಯಲ್ಲಿ ಇಂಗ್ಲಿಷನ್ನೇ ಇಟ್ಟು, ಕನ್ನಡವನ್ನು ಆಯ್ಕೆಯಾಗಿ ಬಿಟ್ಟಿದ್ದೇನೆ. ಅನುವಾದ ಪೂರ್ತಿಯಾಗಿಲ್ಲದ ಕಡೆ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬಂದು ಹೊಸಬರಿಗೆ ಗೊಂದಲವಾಗುತ್ತದೆ. ಬರೆಯುವುದಕ್ಕೆ ಮಾತ್ರ ಕನ್ನಡ ಮೊದಲ ದಿನವೇ ಸಿದ್ಧವಿರಬೇಕು.

ಈ ಎರಡು ಫೈಲ್ ಬರೆಯುವ ಕೆಲಸ ಹೋಗುವುದು 'ಲೇಟ್-ಕಮಾಂಡ್ಸ್' ಎಂಬ ಭಾಗಕ್ಕೆ. ಅಲ್ಲಿ ಎರಡು ಎಚ್ಚರಿಕೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ಓಡುತ್ತಿರುವುದು ಪೆನ್‌ಡ್ರೈವಿನ ಓಎಸ್‌ನಲ್ಲಿ, ಹೊಸ ಓಎಸ್ ಇರುವುದು 'ಟಾರ್ಗೆಟ್' ಎಂಬ ಫೋಲ್ಡರಿನಲ್ಲಿ. ಕಮಾಂಡಿನ ಮುಂದೆ 'ಕರ್ಟಿನ್ ಇನ್-ಟಾರ್ಗೆಟ್' ಎಂದು ಸೇರಿಸದಿದ್ದರೆ ನಿಮ್ಮ ಕೆಲಸವೆಲ್ಲ ಪೆನ್‌ಡ್ರೈವಿನ ತಾತ್ಕಾಲಿಕ ಓಎಸ್‌ಗೆ ಆಗಿ, ರೀಸ್ಟಾರ್ಟ್ ಆದೊಡನೆ ಮಾಯ. ಎರಡನೆಯದು, ಇಲ್ಲಿನ ಒಂದೇ ಒಂದು ಕಮಾಂಡ್ ಸೋತರೂ ಇಡೀ ಇನ್‌ಸ್ಟಾಲೇಶನ್ ಸೋತಿತೆಂದು ನಿಲ್ಲುತ್ತದೆ. ಹಾಗಾಗಿ ಹತ್ತು ಸಾಲು ಇಲ್ಲಿ ತುರುಕುವ ಬದಲು ಒಂದು ಪ್ರತ್ಯೇಕ ಸ್ಕ್ರಿಪ್ಟ್ ಬರೆದು, ಅದು ಮಾಡಿದ್ದನ್ನೆಲ್ಲ ಒಂದು ಲಾಗ್ ಫೈಲಿಗೆ ಬರೆಯುವಂತೆ ಮಾಡಿ, ಇಲ್ಲಿಂದ ಅದನ್ನು ಕರೆಯಿರಿ.

ಸಿಸ್ಟಮ್‌ಗಳ ಹೆಸರನ್ನೂ ಅದೇ ಸ್ಕ್ರಿಪ್ಟಿಗೆ ಒಪ್ಪಿಸಿ. ಒಂದೇ ಚೀಟಿ ಎಂದ ಮೇಲೆ ಇಪ್ಪತ್ನಾಲ್ಕಕ್ಕೂ ಒಂದೇ ಹೆಸರು ಬೀಳುತ್ತದೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ನಾವು ಪ್ರತಿ ಸಿಪಿಯು ಮೇಲೂ ಸಂಖ್ಯೆಯ ಸ್ಟಿಕ್ಕರ್ ಅಂಟಿಸಿದ್ದೇವೆ. ಯಾವ ಮ್ಯಾಕ್ ವಿಳಾಸ ಯಾವ ಸಂಖ್ಯೆಯದು ಎಂಬ ಪಟ್ಟಿಯನ್ನು ಸ್ಕ್ರಿಪ್ಟ್ ಓದಿ ಆ ಹೆಸರಿಡುತ್ತದೆ.

ತಲುಪಿಸುವ ದಾರಿ

ಪೆನ್‌ಡ್ರೈವ್ ದಾರಿಗೆ ಎರಡು ಪೆನ್‌ಡ್ರೈವ್ ಬೇಕು. ಒಂದರಲ್ಲಿ ಉಬುಂಟು. ಇನ್ನೊಂದಕ್ಕೆ 'ಸಿಐಡೇಟಾ' ಎಂದು ಲೇಬಲ್ ಕೊಟ್ಟು, ಅದರಲ್ಲಿ ಚೀಟಿಯನ್ನು 'ಯೂಸರ್-ಡೇಟಾ' ಎಂಬ ಹೆಸರಿನಿಂದ, ಜೊತೆಗೆ 'ಮೆಟಾ-ಡೇಟಾ' ಎಂಬ ಖಾಲಿ ಫೈಲ್ ಇಡಿ. ಹೀಗೆ ಕೊಡುವಾಗ ಚೀಟಿಯ ತಲೆಗೆ ಹ್ಯಾಶ್ ಚಿಹ್ನೆಯೊಡನೆ 'ಕ್ಲೌಡ್-ಕಾನ್ಫಿಗ್' ಎಂಬ ಸಾಲು ಇರಲೇಬೇಕು. ಎರಡನ್ನೂ ಸಿಕ್ಕಿಸಿ ಬೂಟ್ ಮಾಡಿದರೆ ಇನ್‌ಸ್ಟಾಲರ್ ತಾನೇ ಹುಡುಕಿಕೊಳ್ಳುತ್ತದೆ. ಬೂಟ್ ಸಾಲಿನಲ್ಲಿ 'ಆಟೋಇನ್‌ಸ್ಟಾಲ್' ಎಂಬ ಪದ ಸೇರಿಸದಿದ್ದರೆ ಡಿಸ್ಕ್ ಮುಟ್ಟುವ ಮುಂಚೆ ಒಮ್ಮೆ ಕೇಳುತ್ತದೆ. ಆ ಕೇಳುವಿಕೆಯನ್ನು ತೆಗೆಯಬೇಡಿ ಎಂಬುದು ನನ್ನ ಸಲಹೆ. ಮರೆತು ಲ್ಯಾಬಿನಲ್ಲಿ ಬಿಟ್ಟ ಪೆನ್‌ಡ್ರೈವ್‌ನಿಂದ ಯಾವುದೋ ಸಿಸ್ಟಮ್ ಬೂಟ್ ಆಗಿ ಒರೆಸಿಹೋಗುವುದು ತಪ್ಪುತ್ತದೆ. ಡೆಸ್ಕ್‌ಟಾಪ್ 24.04ರಲ್ಲಿ ಇನ್ನೂ ಸರಳ: ಇನ್‌ಸ್ಟಾಲರಿನಲ್ಲೇ 'ಆಟೊಮೇಟೆಡ್ ಇನ್‌ಸ್ಟಾಲೇಶನ್' ಆರಿಸಿ, ಚೀಟಿ ಇರುವ ವಿಳಾಸ ಕೊಟ್ಟರೆ ಸಾಕು.

ಎರಡನೆಯದು ನೆಟ್‌ವರ್ಕ್ ದಾರಿ, ಪಿಎಕ್ಸ್‌ಇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 'ಡಿಎನ್‌ಎಸ್‌ಮಾಸ್ಕ್' ಓಡಿಸಿದರೆ, ಬೂಟ್ ಆಗುವ ಪ್ರತಿ ಸಿಸ್ಟಮ್‌ಗೂ ಅದು ವಿಳಾಸ ಕೊಟ್ಟು, ಓಎಸ್ ಎಲ್ಲಿದೆ ಎಂದೂ ತೋರಿಸುತ್ತದೆ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು. ಕಟ್ಟಡದ ಇಂಟರ್‌ನೆಟ್ ರೂಟರ್ ಇರುವ ಜಾಲದಲ್ಲಿ ಹೀಗೆ ವಿಳಾಸ ಹಂಚಬೇಡಿ. ಪಕ್ಕದ ಆಫೀಸಿನವರ ಕಂಪ್ಯೂಟರುಗಳೂ ನಿಮ್ಮ ಲ್ಯಾಪ್‌ಟಾಪನ್ನೇ ರೂಟರ್ ಎಂದುಕೊಂಡು ಅವರ ಇಂಟರ್‌ನೆಟ್ ನಿಲ್ಲುತ್ತದೆ. ಲ್ಯಾಬಿನ ಸ್ವಿಚ್ಚನ್ನು ಬೇರ್ಪಡಿಸಿ, ಇಲ್ಲವೇ ಡಿಎನ್‌ಎಸ್‌ಮಾಸ್ಕನ್ನು 'ಪ್ರಾಕ್ಸಿ' ಬಗೆಯಲ್ಲಿ ಓಡಿಸಿ.

ಹಳೆಯ ಸಿಸ್ಟಮ್‌ಗಳಿಗೆ ಒಂದು ತೊಡಕಿದೆ. ಉಬುಂಟು ನೆಟ್‌ವರ್ಕ್ ಮೂಲಕ ಬೂಟ್ ಆಗುವಾಗ ಇಡೀ ಐಎಸ್‌ಓವನ್ನು ರ‍್ಯಾಮ್‌ಗೆ ಇಳಿಸಿಕೊಳ್ಳುತ್ತದೆ. 4 ಜಿಬಿ ರ‍್ಯಾಮ್ ಇರುವಲ್ಲಿ ಅದು ಆಗುವ ಮಾತಲ್ಲ. ಅಂಥವಕ್ಕೆ ಪೆನ್‌ಡ್ರೈವೇ ಒಳ್ಳೆಯದು, ಅಥವಾ ಡೆಬಿಯನ್ ಮತ್ತು ಅದರ ಪ್ರೀಸೀಡ್ ಚೀಟಿ. ಡೆಬಿಯನ್ನಿನ ನೆಟ್‌ವರ್ಕ್ ಇನ್‌ಸ್ಟಾಲರ್ ತೀರ ಚಿಕ್ಕದು, ಬೇಕಾದದ್ದನ್ನು ಒಂದೊಂದಾಗಿ ತರಿಸಿಕೊಳ್ಳುತ್ತದೆ.

ತರಿಸಿಕೊಳ್ಳುವಾಗ ಇಪ್ಪತ್ನಾಲ್ಕು ಸಿಸ್ಟಮ್ ತಲಾ 2 ಜಿಬಿ ಇಳಿಸಿದರೆ 48 ಜಿಬಿ. ಲ್ಯಾಪ್‌ಟಾಪ್‌ನಲ್ಲಿ 'ಆಪ್ಟ್-ಕ್ಯಾಷರ್-ಎನ್‌ಜಿ' ಹಾಕಿ, ಚೀಟಿಯ 'ಪ್ರಾಕ್ಸಿ' ಸಾಲಿನಲ್ಲಿ ಲ್ಯಾಪ್‌ಟಾಪಿನ ವಿಳಾಸ ಮತ್ತು 3142 ಎಂಬ ಪೋರ್ಟ್ ಕೊಡಿ. ಮೊದಲ ಸಿಸ್ಟಮ್ ಇಂಟರ್‌ನೆಟ್‌ನಿಂದ ತಂದದ್ದನ್ನು ಉಳಿದ ಇಪ್ಪತ್ಮೂರಕ್ಕೆ ಲ್ಯಾಪ್‌ಟಾಪೇ ಬಡಿಸುತ್ತದೆ.

ವಿಂಡೋಸ್‌ಗೂ ಚೀಟಿ ಇದೆ. ಪೆನ್‌ಡ್ರೈವಿನ ಮೊದಲ ಫೋಲ್ಡರಿನಲ್ಲಿ 'ಆಟೋಅನ್‌ಅಟೆಂಡ್' ಎಂಬ ಎಕ್ಸ್‌ಎಂಎಲ್ ಫೈಲ್ ಇಟ್ಟರೆ ವಿಂಡೋಸ್ ಸೆಟಪ್ ಅದನ್ನು ಓದುತ್ತದೆ. ಅದರಲ್ಲಿ ಪಾಸ್‌ವರ್ಡ್ ಗೂಢಾಕ್ಷರದ ಹಾಗೆ ಕಂಡರೂ ಯಾರಾದರೂ ಸುಲಭವಾಗಿ ಬಿಡಿಸಬಹುದು, ಕೆಲಸ ಮುಗಿದ ಮೇಲೆ ಬದಲಿಸಿಬಿಡಿ.

ಕ್ಲೋನೆಜಿಲ್ಲಾದಿಂದ ಒಂದು ಡಿಸ್ಕನ್ನೇ ಪಡಿಯಚ್ಚು ತೆಗೆದು ಎಲ್ಲಕ್ಕೂ ಹಾಕಬಾರದೇ? ಹಾಕಬಹುದು, ಬೇಗವೂ ಆಗುತ್ತದೆ. ಆದರೆ ಪ್ರತಿ ಲಿನಕ್ಸ್ ಸಿಸ್ಟಮ್‌ಗೂ ಇರುವ 'ಮಷೀನ್-ಐಡಿ' ಎಂಬ ಗುರುತು ಕೂಡ ನಕಲಾಗುತ್ತದೆ. ಉಬುಂಟು ಸರ್ವರ್ ಹಾಕಿದ ಕಡೆ ಆ ಗುರುತನ್ನೇ ನಂಬಿ ಎರಡು ಸಿಸ್ಟಮ್‌ಗಳಿಗೆ ಒಂದೇ ಐಪಿ ವಿಳಾಸ ಸಿಕ್ಕಿ, ಒಂದು ಬಂದರೆ ಇನ್ನೊಂದು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಪಡಿಯಚ್ಚಿನಲ್ಲಿ ಏನಿದೆ ಎಂದು ಓದಲಾಗುವುದಿಲ್ಲ. ಚೀಟಿಯನ್ನು ಓದಬಹುದು, ತಿದ್ದಬಹುದು, ನನ್ನ ನಂತರ ಬರುವವರಿಗೆ ಕೊಟ್ಟು ಹೋಗಬಹುದು.

ನಿಜವಾದ ಸಿಸ್ಟಮ್ ಮೇಲೆ ಓಡಿಸುವ ಮುಂಚೆ ವರ್ಚುವಲ್‌ಬಾಕ್ಸ್‌ನಲ್ಲಿ ಪರೀಕ್ಷಿಸಿ. ಅಲ್ಲಿ ಬೇಕೆಂದೇ ಎರಡು ಡಿಸ್ಕ್ ಕೊಡಿ, ದೊಡ್ಡದೊಂದು, ಚಿಕ್ಕದೊಂದು. ಚಿಕ್ಕದಕ್ಕೆ 'ಸಾಲಿಡ್-ಸ್ಟೇಟ್ ಡ್ರೈವ್' ಎಂಬಲ್ಲಿ ಟಿಕ್ ಹಾಕಿ, ದೊಡ್ಡದರಲ್ಲಿ ಒಂದು ಫೈಲ್ ಇಟ್ಟಿರಿ. ಇನ್‌ಸ್ಟಾಲ್ ಮುಗಿದ ಮೇಲೆ ಆ ಫೈಲ್ ಹಾಗೇ ಇದ್ದರೆ ನಿಮ್ಮ ಚೀಟಿ ಮಕ್ಕಳ ಲ್ಯಾಬಿಗೆ ಹೋಗಲು ಯೋಗ್ಯ. ಆರನೇ ಸಿಸ್ಟಮ್‌ಗೆ ಮುಂಚೆ ನಾನು ಈ ಅರ್ಧ ಗಂಟೆ ಕೊಟ್ಟಿರಲಿಲ್ಲ.

ಈ ಸಲ ಶನಿವಾರ ಮಧ್ಯಾಹ್ನ ಎರಡಕ್ಕೆ ಶುರುಮಾಡಿದೆವು. ಪೆನ್‌ಡ್ರೈವ್ ಸಿಕ್ಕಿಸಿ ಬೂಟ್ ಮಾಡುವ ಕೆಲಸವನ್ನು ಮಕ್ಕಳೇ ಮಾಡಿದರು, ಒಮ್ಮೆಗೆ ನಾಲ್ಕು. ಸಂಜೆ ಆರೂವರೆಗೆ ಎಲ್ಲ ಮುಗಿದಿತ್ತು. ಕೊನೆಗೆ ಪ್ರತಿ ಸಿಸ್ಟಮ್ ಮುಂದೆ ಒಬ್ಬೊಬ್ಬರು ಕೂತು ನಾಲ್ಕು ಪದ ಟೈಪ್ ಮಾಡಿದರು: ಅಕ್ಕ, ಸೂರ್ಯ, ರಾಷ್ಟ್ರ, ಸ್ತ್ರೀ. ಹದಿನೇಳರಲ್ಲಿ ಅದೇ ಹುಡುಗಿ ಕೂತಳು, 'ಬಂತು ಸರ್' ಎಂದಳು. ಹತ್ತೊಂಬತ್ತರಲ್ಲಿ ಮಾತ್ರ ಮತ್ತೆ ಒತ್ತಕ್ಷರ ಕೂಡಲಿಲ್ಲ. ಚೀಟಿ ನೋಡಿದೆ, ಲಾಗ್ ನೋಡಿದೆ, ಎಲ್ಲ ಸರಿಯಿತ್ತು. ಆಮೇಲೆ ಕೀಬೋರ್ಡ್ ತಿರುಗಿಸಿ ಬೆಳಕಿಗೆ ಹಿಡಿದೆ. ಇಷ್ಟು ವರ್ಷ ಮಕ್ಕಳು ಒತ್ತಕ್ಷರಕ್ಕಾಗಿ ಒತ್ತಿ ಒತ್ತಿ ಎಫ್ ಕೀಲಿಯ ಅಕ್ಷರ ಅಳಿಸಿಹೋಗಿ, ಕೀಲಿಯೇ ಕುಸಿದು ಕೂತಿತ್ತು. ಕೀಬೋರ್ಡ್ ಬದಲಿಸಿದೆವು.